ಗಾಲಿಯ ಮೇಲಿನ ಮನೆಯೂ ಸಂಚಾರದ ಮಿತಿಯೂ

ದುಡಿಮೆಯಿಂದ ನಿವೃತ್ತನಾದ ಗೃಹಸ್ಥನು ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಕೇಳಿಬಂದಿದೆ. ಅಮೆರಿಕಾದಲ್ಲಿ ಈ ಪ್ರಶ್ನೆಗೆ ದೊರೆತಿರುವ ಒಂದು ಉತ್ತರ ವಿಚಾರಯೋಗ್ಯವಾಗಿದೆ. ಅಲ್ಲಿ ಅರವತ್ತು ದಾಟಿದ ಅನೇಕ ದಂಪತಿಗಳು ಇದ್ದ ಮನೆಯನ್ನು ಮಾರಿಯೋ, ಬೀಗ ಹಾಕಿಯೋ, ‘ಮೋಟಾರ್ ಹೋಮ್’ ಎಂಬ ವಾಹನವನ್ನೇರಿ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಸಂಚರಿಸುತ್ತಾರೆ. ಮಕ್ಕಳನ್ನು ನೋಡಲೆಂದು ಆ ದೇಶಕ್ಕೆ ಹೋಗಿಬಂದ ಕರ್ನಾಟಕದ ತಂದೆತಾಯಂದಿರಲ್ಲಿ ಹಲವರು ಹೆದ್ದಾರಿಗಳಲ್ಲಿ ಈ ಗಾಲಿಮನೆಗಳನ್ನು ಕಂಡಿರಬಹುದು. ಮನೆಮಠ ಬಿಟ್ಟು ಹೊರಟ ಇವರದು ತ್ಯಾಗವೇ, ಅಥವಾ ಭೋಗದ ಹೊಸದೊಂದು ರೂಪವೇ?

1956ರ ಕಾಯಿದೆಯಿಂದ ಅಮೆರಿಕಾದಲ್ಲಿ ಅಂತರರಾಜ್ಯ ಹೆದ್ದಾರಿಗಳ ಜಾಲ ಆರಂಭವಾಯಿತು. 1966ರಲ್ಲಿ ಅಯೋವಾ ರಾಜ್ಯದ ವಿನ್ನೆಬೇಗೋ ಕಂಪನಿಯು ಇಂತಹ ವಾಹನಗಳ ತಯಾರಿಕೆಗೆ ತೊಡಗಿದ ಮೇಲೆ ಸಾಧಾರಣ ಉಳಿತಾಯವುಳ್ಳವರಿಗೂ ಅವು ಎಟುಕಿದವು. ಬಸ್ಸಿನಷ್ಟು ಉದ್ದದ ಈ ವಾಹನದಲ್ಲಿ ಮಂಚ, ಒಲೆ, ಫ್ರಿಜ್, ಸ್ನಾನದ ಮನೆ, ಶೌಚಾಲಯ ಎಲ್ಲವೂ ಅಡಕವಾಗಿರುತ್ತವೆ. ಶುದ್ಧ ನೀರಿಗೆ ಒಂದು ಟ್ಯಾಂಕು, ಬಳಸಿದ ನೀರಿಗೆ ಇನ್ನೊಂದು, ಮಲಮೂತ್ರಕ್ಕೆ ಬೇರೊಂದು. ಇಂತಿಷ್ಟು ತೂಕಕ್ಕಿಂತ ಹೆಚ್ಚು ಹೇರಕೂಡದೆಂಬ ಸೂಚನಾಪಟ್ಟಿಯನ್ನು ತಯಾರಕರೇ ವಾಹನದಲ್ಲಿ ಅಂಟಿಸಿರುತ್ತಾರೆ.

ಈ ವ್ಯವಸ್ಥೆಯಲ್ಲಿ ಒಂದು ಶಿಕ್ಷಣವಿದೆ ಎಂಬುದನ್ನು ಒಪ್ಪಲೇಬೇಕು. ಪಟ್ಟಣದ ಮನೆಯಲ್ಲಿ ನಲ್ಲಿ ತಿರುಗಿಸುವವನಿಗೆ ನೀರಿನ ಲೆಕ್ಕವಿರುವುದಿಲ್ಲ. ಗಾಲಿಮನೆಯಲ್ಲಿ ಒಂದು ಲೀಟರು ನೀರೆಂದರೆ ಹೊರಬೇಕಾದ ಒಂದು ಕಿಲೋ ಭಾರ; ಬಳಸಿದಷ್ಟೂ ಕೊಳೆನೀರಿನ ಟ್ಯಾಂಕು ತುಂಬುತ್ತದೆ; ಅದನ್ನು ತಾನೇ ಕೊಳವೆ ಜೋಡಿಸಿ ನಿಗದಿತ ಸ್ಥಳದಲ್ಲಿ ಖಾಲಿ ಮಾಡಬೇಕು. ಮೂವತ್ತು ನಲವತ್ತು ವರ್ಷ ಕೂಡಿಟ್ಟ ಪಾತ್ರೆಪಗಡ, ಬಟ್ಟೆಬರೆ, ಪುಸ್ತಕಗಳ ಪೈಕಿ ಯಾವುದು ಬೇಕು, ಯಾವುದು ಬೇಡವೆಂದು ದಂಪತಿಗಳು ಒಂದೊಂದನ್ನೂ ಕೈಗೆತ್ತಿಕೊಂಡು ತೀರ್ಮಾನಿಸಬೇಕಾಗುತ್ತದೆ.

ಆದರೆ ಇದನ್ನು ಅಪರಿಗ್ರಹವೆಂದು ಕರೆಯುವ ಮುನ್ನ ಸ್ವಲ್ಪ ತಡೆಯಬೇಕು. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಣ ಮೂರ್ಛೆಯಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ವಾಹನದಲ್ಲಿ ಹಿಡಿಸದ ಸಾಮಾನನ್ನು ಬಾಡಿಗೆಯ ಕೋಣೆಯಲ್ಲಿಟ್ಟು, ವರ್ಷಗಟ್ಟಲೆ ಬಾಡಿಗೆ ಕಟ್ಟುವವರು ಅಲ್ಲಿದ್ದಾರೆ. ಅಂತಹವರಿಗೆ ಕಣ್ಣೆದುರಿನ ಭಾರ ಮಾತ್ರ ಇಳಿದಿದೆ. ಇನ್ನೊಂದು ನಿದರ್ಶನ ಇದಕ್ಕಿಂತ ಗಂಭೀರವಾದುದು. 2008ರ ಆರ್ಥಿಕ ಕುಸಿತದ ಬಳಿಕ ಮನೆಯನ್ನೂ ಉಳಿತಾಯವನ್ನೂ ಕಳೆದುಕೊಂಡ ಎಷ್ಟೋ ವೃದ್ಧರು ವಾಹನಗಳಲ್ಲೇ ವಾಸಿಸತೊಡಗಿ, ಉಗ್ರಾಣಗಳಲ್ಲಿ, ಬೀಟ್‌ಗಡ್ಡೆಯ ಹೊಲಗಳಲ್ಲಿ ಋತುಮಾನದ ಕೂಲಿಗೆ ನಿಂತರು. ಜೆಸ್ಸಿಕಾ ಬ್ರೂಡರ್ ಅವರು 2017ರಲ್ಲಿ ಪ್ರಕಟಿಸಿದ ‘ನೊಮ್ಯಾಡ್‌ಲ್ಯಾಂಡ್’ ಗ್ರಂಥದ ವಿಷಯ ಇವರ ಬದುಕೇ. ಅರಿಜೋನಾದ ಮರುಭೂಮಿಯಲ್ಲಿರುವ ಕ್ವಾರ್ಟ್ಸ್‌ಸೈಟ್ ಎಂಬಲ್ಲಿ ಚಳಿಗಾಲದಲ್ಲಿ ಸಾವಿರಾರು ಗಾಲಿಮನೆಗಳು ನೆರೆಯುತ್ತವೆ. ಅಲ್ಲಿ ಸ್ವಇಚ್ಛೆಯಿಂದ ಮನೆ ಬಿಟ್ಟವನೂ ಮನೆ ಕಳೆದುಕೊಂಡವನೂ ಅಕ್ಕಪಕ್ಕದಲ್ಲೇ ತಂಗಿರುತ್ತಾರೆ. ಹೊರಗಿನಿಂದ ಅವರಲ್ಲಿ ಭೇದ ಕಾಣದು. ಒಬ್ಬನದು ತ್ಯಾಗವಾಗಿರಬಹುದು, ಇನ್ನೊಬ್ಬನದು ನಷ್ಟ. ನಷ್ಟವನ್ನು ತ್ಯಾಗವೆಂದು ಹೊಗಳುವುದು ಕಷ್ಟದಲ್ಲಿರುವವನಿಗೆ ಬಗೆಯುವ ಅನ್ಯಾಯವೇ ಸರಿ.

ಇನ್ನು ಸಂಚಾರವನ್ನೇ ಪರಿಶೀಲಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಇವುಗಳ ಸಾಲಿನಲ್ಲಿಯೇ ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಸೇರಿಸಿದ್ದಾರೆ. ವ್ಯಾಪಾರಸ್ಥರ ರೀತಿಯಲ್ಲಿ ಲೆಕ್ಕ ಹಾಕಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಬಾಸ್ಟನ್ನಿನಿಂದ ಸಿಯಾಟಲ್‌ಗೆ ಹೋಗುವ ಹೆದ್ದಾರಿಯ ಉದ್ದ ಸುಮಾರು 4,860 ಕಿಲೋಮೀಟರ್. ದೊಡ್ಡ ಗಾಲಿಮನೆ ಒಂದು ಲೀಟರು ಪೆಟ್ರೋಲಿಗೆ 3ರಿಂದ 4 ಕಿಲೋಮೀಟರ್ ಓಡುತ್ತದೆ. ಹೋಗುವ ದಾರಿಯೊಂದಕ್ಕೇ 1,200ರಿಂದ 1,600 ಲೀಟರು ಇಂಧನ ಉರಿದು, 3 ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೇಸಿಗೆಯ ಸಂಜೆ ಮುಂಗಾಜಿಗೆ ಬಡಿದು ಸಾಯುವ ಕೀಟಗಳ ಲೆಕ್ಕವನ್ನು ಇಟ್ಟವರಾರು? ಈ ಖರ್ಚಿಗೆ ಎದುರಾಗಿ ಜಮೆಯ ಕಡೆ ಬರೆಯುವುದೇನು ಎಂಬುದನ್ನು ಹೊರಡುವವರು ಕೇಳಿಕೊಳ್ಳಬೇಕು. ದೂರದ ಊರಿನಲ್ಲಿರುವ ಮಗಳನ್ನೋ, ಕಾಯಿಲೆ ಬಿದ್ದ ಒಡಹುಟ್ಟಿದವರನ್ನೋ ಕಾಣುವುದು, ದುಡಿಮೆಯ ವರ್ಷಗಳಲ್ಲಿ ಒಬ್ಬರಿಗೊಬ್ಬರು ಕೊಡಲಾಗದ ಸಮಯವನ್ನು ಈಗ ಕೊಡುವುದು, ಇವು ಪ್ರಯೋಜನಗಳೇ. ಬೇಸರ ಕಳೆಯಲು ಊರಿಂದೂರಿಗೆ ಓಡುವುದಾದರೆ ಆ ಬೇಸರವೂ ಅದೇ ವಾಹನದಲ್ಲಿ ಜೊತೆಗೆ ಬರುತ್ತದೆ.

ಆದ್ದರಿಂದಲೇ ಆಚಾರ್ಯರು ಗೃಹಸ್ಥನಿಗೆ ಸಂಚಾರವನ್ನು ನಿಷೇಧಿಸದೆ ದಿಗ್ವ್ರತವನ್ನು ವಿಧಿಸಿದರು. ನದಿ, ಸಮುದ್ರ, ಪರ್ವತ ಮುಂತಾದ ಪ್ರಸಿದ್ಧ ಗುರುತುಗಳನ್ನು ಎಲ್ಲೆಯಾಗಿಟ್ಟು, ಜೀವಮಾನದಲ್ಲಿ ಅದರಾಚೆಗೆ ಹೋಗೆನೆಂದು ಸಂಕಲ್ಪಿಸುವುದು ಅದರ ಸ್ವರೂಪ. ಎಲ್ಲೆಯಾಚೆಯ ಜೀವಿಗಳಿಗೆ ಅವನಿಂದ ಅಭಯ ದೊರೆಯುತ್ತದೆ. ಅಮೆರಿಕಾದ ಸರ್ಕಾರಿ ಬಯಲು ಭೂಮಿಗಳಲ್ಲಿಯೂ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನಕ್ಕಿಂತ ಹೆಚ್ಚು ಒಂದೆಡೆ ತಂಗಕೂಡದೆಂಬ ನಿಯಮವಿದೆ. ಅದು ಅಧಿಕಾರಿಗಳು ವಿಧಿಸಿದ ಮಿತಿ. ತೂಕದ ಪಟ್ಟಿ ವಾಹನ ವಿಧಿಸಿದ ಮಿತಿ. ಮೀರಲು ಶಕ್ತಿಯಿದ್ದೂ ತಾನೇ ಇಟ್ಟುಕೊಂಡ ಮಿತಿಗೆ ಮಾತ್ರ ವ್ರತವೆಂಬ ಹೆಸರು ಸಲ್ಲುತ್ತದೆ.

ಮಿತಿಯನ್ನು ಇಟ್ಟುಕೊಳ್ಳುವವರು ಇಲ್ಲಿ ಇಬ್ಬರು ಎಂಬುದನ್ನು ಮರೆಯಲಾಗದು. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ಕರ್ಮಕ್ಕೆ ಮೂರು ದಾರಿಗಳನ್ನು ಶಾಸ್ತ್ರ ಹೇಳುತ್ತದೆ. ವಾಹನ ನಡೆಸುವವನು ಪತಿಯಾಗಿ, ಪಕ್ಕದಲ್ಲಿ ಕುಳಿತವಳು ಪತ್ನಿಯಾಗಿದ್ದರೆ, ಅವಳ ಮೌನವನ್ನು ಅನುಮೋದನೆಯೆಂದು ತಿಳಿಯುವ ಅಭ್ಯಾಸ ಎಲ್ಲ ದೇಶಗಳಲ್ಲಿಯೂ ಉಂಟು. ಅವಳಿಗೆ ಮೊಮ್ಮಕ್ಕಳ ಸಾಮೀಪ್ಯ, ನೆರೆಹೊರೆ, ಪರಿಚಿತ ವೈದ್ಯರು ಬೇಕಾಗಿರಬಹುದು. ಒಬ್ಬರ ಸ್ವಾತಂತ್ರ್ಯ ಇನ್ನೊಬ್ಬರ ಏಕಾಂತವಾದರೆ ಅದು ಸಣ್ಣ ಹಿಂಸೆಯಲ್ಲ. ಮೇಲಾಗಿ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ವಾಹನ ನಡೆಸಲು ಬರುವುದಾದರೆ, ಆ ಒಬ್ಬರ ಕಣ್ಣು ಮಂಜಾದ ದಿನ ಇನ್ನೊಬ್ಬರ ಗತಿಯೇನು? ಮಾರಿದ ಮನೆ ಮರಳಿ ಬರುವುದಿಲ್ಲ.

ಈ ಪ್ರಶ್ನೆಯನ್ನು ಆ ದೇಶದ ಸಂಚಾರಿಗಳೇ ಎದುರಿಸಿದ್ದಾರೆ. 1978ರಲ್ಲಿ ಜೋ ಮತ್ತು ಕೇ ಪೀಟರ್‌ಸನ್ ದಂಪತಿಗಳು ‘ಎಸ್ಕೇಪೀಸ್’ ಎಂಬ ಸಂಘವನ್ನು ಕಟ್ಟಿದರು. ಟೆಕ್ಸಾಸಿನ ಲಿವಿಂಗ್‌ಸ್ಟನ್‌ನಲ್ಲಿ ನೆಲೆಸಿದ ಈ ಸಂಘದ ಆಶ್ರಯದಲ್ಲಿ ಮುಂದೆ ಒಂದು ಆರೈಕೆ ಕೇಂದ್ರ ತಲೆಯೆತ್ತಿತು. ಮುಪ್ಪು ಅಥವಾ ರೋಗದಿಂದ ಪ್ರಯಾಣ ನಿಂತವರು ತಮ್ಮ ವಾಹನವನ್ನು ಅಲ್ಲಿ ನಿಲ್ಲಿಸಿ, ಅದರಲ್ಲಿಯೇ ವಾಸಿಸುತ್ತ, ಊಟೋಪಚಾರ, ಆರೈಕೆ ಪಡೆಯಲು ಅದರಿಂದ ಅನುಕೂಲವಾಯಿತು. ಓಡಾಟವೇ ಬದುಕೆಂದುಕೊಂಡವರು ನಿಲ್ಲುವ ತಾಣವನ್ನೂ ಯೋಚಿಸಿದ್ದು ವಿವೇಕದ ಲಕ್ಷಣ. ಪರಸ್ಪರ ಉಪಕಾರವೇ ಜೀವಿಗಳ ಧರ್ಮವೆಂಬ ಮಾತಿಗೆ ಇದು ದೂರದ ದೇಶದ ಒಂದು ನಿದರ್ಶನ.

ಸಮ್ಮೇದ ಶಿಖರಜಿಗೋ ಗಿರನಾರಿಗೋ ವಾಹನ ಮಾಡಿಕೊಂಡು ಹೊರಡುವ ನಿವೃತ್ತ ದಂಪತಿಗಳಿಗೂ ಈ ವಿಚಾರ ಅನ್ವಯಿಸುತ್ತದೆ. ತೀರ್ಥದ ಹೆಸರಿದ್ದ ಮಾತ್ರಕ್ಕೆ ಲೆಕ್ಕ ತಪ್ಪುವುದಿಲ್ಲ. ಹೊರಡುವ ಮುನ್ನ ಇಬ್ಬರೂ ಕುಳಿತು ನಾಲ್ಕು ಸಂಗತಿಗಳನ್ನು ನಿರ್ಧರಿಸುವುದು ಉಚಿತ: ಎಲ್ಲಿಯವರೆಗೆ ಹೋಗುವುದು, ಎಷ್ಟು ಕಾಲ, ಎಷ್ಟು ಸಾಮಾನಿನೊಡನೆ, ಮತ್ತು ಯಾರು ‘ಸಾಕು’ ಎಂದರೆ ಹಿಂದಿರುಗುವುದು. ನಾಲ್ಕನೆಯದಕ್ಕೆ ‘ಇಬ್ಬರಲ್ಲಿ ಯಾರೊಬ್ಬರು ಹೇಳಿದರೂ’ ಎಂಬ ಉತ್ತರ ದೊರೆತಲ್ಲಿ ಆ ಪ್ರಯಾಣಕ್ಕೆ ಹೊರಡಲು ಅಡ್ಡಿಯಿಲ್ಲ.