ಹೇಳಿ ಏನು ಪ್ರಯೋಜನ?

"ಮಾಡುವುದೆಂದು ಹೇಗೂ ನಿಶ್ಚಯವಾಗಿದೆ, ಅವರಿಗೆ ಹೇಳಿ ಏನು ಪ್ರಯೋಜನ?" ಈ ಮಾತನ್ನು ಕೇಳದವರಿಲ್ಲ. ಮನೆ ಮಾರಲು ಹೊರಟ ಮಗ ವೃದ್ಧ ತಂದೆಯ ವಿಷಯದಲ್ಲಿ ಹೀಗೆನ್ನುತ್ತಾನೆ. ವರ್ಗದ ಆಜ್ಞೆಗೆ ರುಜು ಹಾಕುವ ಅಧಿಕಾರಿ ಗುಮಾಸ್ತನ ವಿಷಯದಲ್ಲಿ ಹೀಗೆನ್ನುತ್ತಾನೆ. ವ್ಯವಹಾರಕ್ಕೆ ಒಪ್ಪುವ ಮಾತು, ಧರ್ಮಕ್ಕೂ ಒಪ್ಪುವುದೆ? ಈ ಪ್ರಶ್ನೆಗೆ ಉತ್ತರದ ಎಳೆಯೊಂದು ನನಗೆ ಸಿಕ್ಕಿದ್ದು ಕಂಪ್ಯೂಟರು ನಿದ್ದೆ ಹೋಗುವ ರೀತಿಯಲ್ಲಿ ಎಂದರೆ ಓದುಗರು ನಗಬಾರದು.

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಅದು ಮಲಗುತ್ತದೆಂದು ಎಲ್ಲರೂ ಬಲ್ಲರು. ಆದರೆ ಆಗ ಅದರೊಳಗೆ ಹತ್ತಾರು ಪ್ರೋಗ್ರಾಮುಗಳು ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುತ್ತವೆ. ಒಂದು ಕಡತವನ್ನು ಅರ್ಧ ಬರೆದಿರುತ್ತದೆ; ಇನ್ನೊಂದು ದೂರದ ಯಂತ್ರದೊಡನೆ ಮಾತಿನಲ್ಲಿರುತ್ತದೆ. ಇವಕ್ಕೆಲ್ಲ ಯಜಮಾನ ಆಪರೇಟಿಂಗ್ ಸಿಸ್ಟಮ್. ವಿದ್ಯುತ್ತನ್ನು ತಗ್ಗಿಸುವ, ನಿಲ್ಲಿಸುವ ಅಧಿಕಾರ ಅದರದು. ನಿಲ್ಲಿಸುವ ಮುನ್ನ ಅದು ಇವಕ್ಕೆ ಹೇಳಬೇಕೆ?

2001ರ ವಿಂಡೋಸ್ ಎಕ್ಸ್‌ಪಿ ಹೇಳುತ್ತಿದ್ದುದಷ್ಟೇ ಅಲ್ಲ, "ಮಲಗೋಣವೆ?" ಎಂದು ಕೇಳುತ್ತಲೂ ಇತ್ತು. ಯಾವುದೇ ಒಂದು ಪ್ರೋಗ್ರಾಮು ಬೇಡವೆನ್ನಬಹುದಾಗಿತ್ತು. ಸೌಜನ್ಯವೇನೋ ದೊಡ್ಡದು. ಆದರೆ ಒಂದೇ ಒಂದು ಪ್ರೋಗ್ರಾಮು ಹಟ ಹಿಡಿದರೂ ಚೀಲದೊಳಗಿಟ್ಟ ಯಂತ್ರ ಎಚ್ಚರವಾಗಿಯೇ ಉಳಿದು, ಬಿಸಿಯೇರಿ, ಬ್ಯಾಟರಿ ಬರಿದಾಗುವ ಸಂಭವವಿತ್ತು. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ತಾದಲ್ಲಿ ಬೇಡವೆನ್ನುವ ಆ ಹಕ್ಕನ್ನು ತೆಗೆದುಹಾಕಿದರು. ಪ್ರಶ್ನೆ ಹೋಯಿತು, ಸೂಚನೆ ಉಳಿಯಿತು. ಜೊತೆಗೆ ಸುಮಾರು 2 ಸೆಕೆಂಡುಗಳ ಅವಕಾಶ.

ತಡೆಯುವ ಹಕ್ಕೇ ಇಲ್ಲದಮೇಲೆ ಸೂಚನೆ ಏಕೆ? ಆ ಎರಡು ಸೆಕೆಂಡುಗಳಲ್ಲಿ ಅರ್ಧ ಬರೆದುದನ್ನು ಉಳಿಸಬಹುದು. ದೂರದ ಯಂತ್ರ ಸುಮ್ಮನೆ ಕಾಯದಂತೆ ಮಾತು ಮುಗಿಸಬಹುದು. ಮಗನ ವಾದದ ಕುಂದು ಇಲ್ಲಿ ಗೋಚರವಾಗುತ್ತದೆ. ಹೇಳುವುದು ಒಪ್ಪಿಗೆ ಪಡೆಯುವುದಕ್ಕೆ ಮಾತ್ರ ಎಂದು ಅವನು ಭಾವಿಸಿದ್ದಾನೆ. ಮಾರಾಟವನ್ನು ತಂದೆ ತಡೆಯಲಾರರು, ನಿಜ. ಆದರೆ ಹಿತ್ತಲ ಕೋಣೆಯ ಬಾಡಿಗೆಯವನಿಗೆ, ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇರಪ್ಪ ಎಂದು ಅವರು ಮಾತು ಕೊಟ್ಟಿರಬಹುದು. ಆ ಮಾತನ್ನು ಉಳಿಸಿಕೊಳ್ಳಲು, ಇಲ್ಲವೆ ಮರ್ಯಾದೆಯಿಂದ ಬಿಡಿಸಿಕೊಳ್ಳಲು, ಅವರಿಗೆ ಕಾಲ ಬೇಕು.

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಹೇಳಬೇಕೆಂದಲ್ಲ. ಲಿನಕ್ಸಿನಲ್ಲಿ ಹೆಚ್ಚಿನ ಪ್ರೋಗ್ರಾಮುಗಳನ್ನು ಹೇಳದೆಯೇ ಇದ್ದಲ್ಲಿಯೇ ಸ್ತಬ್ಧಗೊಳಿಸುತ್ತಾರೆ. ಎದ್ದಮೇಲೆ ಅವು ನಿಂತಲ್ಲಿಂದಲೇ ಮುಂದುವರಿಯುತ್ತವೆ, ನಷ್ಟವಿಲ್ಲ. ಆದರೆ ಅಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯಲ್ಲಿ, "ನನಗೆ ಮೊದಲು ತಿಳಿಸಿ, ಸ್ವಲ್ಪ ತಡೆಯಿರಿ" ಎಂದು ಮುಂಚಿತವಾಗಿ ಅರಿಕೆ ಮಾಡಿಕೊಳ್ಳಬಹುದು. ಅಂಥವಕ್ಕಾಗಿ ಅದು ಕಾಯುತ್ತದೆ. ಯಾರೂ ಬದಲಿಸದಿದ್ದರೆ ಹೆಚ್ಚೆಂದರೆ 5 ಸೆಕೆಂಡು. ಕಾಯುವುದಕ್ಕೆ ಮಿತಿಯುಂಟು, ಕೇಳಿಕೊಂಡವರನ್ನು ಮರೆಯುವುದಿಲ್ಲ. ಇದು ನ್ಯಾಯವೆಂದು ನನಗೆ ತೋರುತ್ತದೆ.

ಹೇಳಲು ಸಮಯವೇ ಇಲ್ಲದಿದ್ದರೆ? ಬ್ಯಾಟರಿ ಕುಸಿದು ಥಟ್ಟನೆ ಮಲಗಬೇಕಾಗಿ ಬಂದಾಗ, ಹಳೆಯ ವಿಂಡೋಸ್ ಎದ್ದಮೇಲೆ ಪ್ರತ್ಯೇಕವಾದ ಒಂದು ಸೂಚನೆ ಕಳಿಸುತ್ತಿತ್ತು: ಮುನ್ಸೂಚನೆ ನಿಮ್ಮಲ್ಲಿ ಕೆಲವರಿಗೆ ಮುಟ್ಟದೆ ಇದ್ದಿರಬಹುದು ಎಂದು ಅದರ ಅರ್ಥ. ಮೊದಲೇ ತಿಳಿಸಲಾಗದಿದ್ದರೆ, ತಿಳಿಸಲಾಗಲಿಲ್ಲವೆಂದು ಅನಂತರವಾದರೂ ತಿಳಿಸುವ ಋಣ ಉಳಿದೇ ಇರುತ್ತದೆ.

ಪ್ರೋಗ್ರಾಮಿಗೆ ನೋವಿಲ್ಲ, ತಂದೆಗೆ ನೋವಾಗುತ್ತದೆ, ಮುಚ್ಚಿಡುವುದೇ ದಯೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಹಗುರವಾದುದಲ್ಲ. ಆದರೆ ನೋವಿನ ಸೋಂಕೇ ಇಲ್ಲದ ಕಡೆ, ಕೇವಲ ಕೆಲಸ ಕೆಡದಿರಲೆಂದು ಇಷ್ಟು ಎಚ್ಚರ ಬೇಕಾಯಿತು. ನೋವೂ ಕೊಟ್ಟ ಮಾತೂ ಎರಡೂ ಇರುವ ಕಡೆ ಇನ್ನೆಷ್ಟು ಬೇಡ? ದಯೆಯೆಂದು ನಾವು ಕರೆಯುವುದು ಎಷ್ಟೋ ಸಲ, ಅವರ ಮುಖ ಬಾಡುವುದನ್ನು ನೋಡಲಾರದ ನಮ್ಮ ಅಳುಕು. ಆ ಹೊತ್ತು ಕಷ್ಟದ್ದೇ ಸರಿ. ಆದರೂ ಕ್ರಯಪತ್ರದ ಹಿಂದಿನ ಸಂಜೆ ಹೇಳುವ ಬದಲು ಒಂದು ತಿಂಗಳು ಮೊದಲೇ ತಂದೆಯ ಬಳಿ ಕುಳಿತು ಹೇಳಬೇಕೆಂದು ನನ್ನ ಮತ.