ಮುಚ್ಚಳದ ಹಿಂದಿನ ಮರ

ಮಳವಳ್ಳಿಯ ಸೀಮೆಯಲ್ಲಿ ಪ್ರಯಾಣವೆಂದರೆ ಎತ್ತಿನ ಗಾಡಿಯ ಪ್ರಯಾಣವೇ ಆಗಿದ್ದ ಕಾಲವೊಂದಿತ್ತು. ಮದ್ದೂರಿನ ಕಡೆಗಾಗಲಿ ಕೊಳ್ಳೇಗಾಲದ ಕಡೆಗಾಗಲಿ ಜಾತ್ರೆಗೆಂದು ಹೊರಟ ಸಂಸಾರಗಳು ಬಿದಿರಿನ ಕಮಾನಿಗೆ ಚಾಪೆ ಹೊದಿಸಿದ ಗಾಡಿಯಲ್ಲಿ ಹುಲ್ಲು ಹಾಸಿ, ಬುತ್ತಿ ಕಟ್ಟಿಕೊಂಡು, ಮಕ್ಕಳು ಮುದುಕರೊಡನೆ ದಾರಿ ಸವೆಸುತ್ತಿದ್ದುವು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು, ಬಸ್ಸುಗಳು ಬಂದುವು, ಬಳಿಕ ಕಬ್ಬು ಹೇರುವ ಟ್ರಾಕ್ಟರುಗಳೂ ಅವುಗಳ ಹಿಂದೆ ಟ್ರೈಲರುಗಳೂ ಬಂದುವು. ವಾಹನಗಳು ಎಷ್ಟೇ ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ಗಾಡಿ ಏರುವವನ ಕಣ್ಣಿಗೆ ಕಾಣುವುದು ಬಣ್ಣ ಮತ್ತು ಹೊದಿಕೆ. ಅವನ ಪ್ರಾಣವನ್ನು ಹೊರುವುದು ಅವನ ಕಣ್ಣಿಗೆ ಕಾಣದ ಅಚ್ಚು, ಕೀಲು ಮತ್ತು ಚೌಕಟ್ಟು. ಬಂಡಿಯ ಕಡೆಗೀಲನ್ನು ಉಪಮಾನವಾಗಿ ತೆಗೆದುಕೊಂಡು ಜೇಡರ ದಾಸಿಮಯ್ಯನವರು ವಚನ ನುಡಿದರೆಂದರೆ, ಕಾಣದ ವಸ್ತುವೇ ಆಧಾರವೆಂಬ ಮಾತು ಶರಣರಿಗೆ ಎಷ್ಟು ನಿತ್ಯಪರಿಚಿತವಾಗಿತ್ತೆಂಬುದು ತಿಳಿಯುತ್ತದೆ.

ಹೀಗಿರುವಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾರೂ ನೋಡದ, ಯಾರೂ ಕೇಳದ ಕಡೆಯಲ್ಲಿ ಕೆಲಸಗಾರನ ಹೊಣೆ ಎಲ್ಲಿಯವರೆಗೆ ಹೋಗುತ್ತದೆ? ಹೇಳಿದಷ್ಟನ್ನು ಮಾಡಿ ಕೂಲಿ ಪಡೆದರೆ ಕಾಯಕ ಸಂದಂತಾಯಿತೆ? ಈ ಪ್ರಶ್ನೆಯನ್ನು ತತ್ತ್ವದ ಎತ್ತರದಲ್ಲಿಟ್ಟು ನೋಡುವುದಕ್ಕಿಂತ ಒಂದು ಸಣ್ಣ ಕೆಲಸದ ಮಟ್ಟಕ್ಕೆ ಇಳಿಸಿ ನೋಡುವುದು ಲೇಸು.

ಅಮೆರಿಕಾ ದೇಶದಲ್ಲಿ ಮೋಟಾರು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿಗಳುಂಟು. ಮಲಗುವ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಅವುಗಳೊಳಗೇ ಇರುತ್ತವೆ. 1930ರ ದಶಕದಲ್ಲಿ ವಾಲಿ ಬಯಾಮ್ ಎಂಬಾತನು ಅಲ್ಯೂಮಿನಿಯಂ ತಗಡುಗಳನ್ನು ರಿವೆಟುಗಳಿಂದ ಜೋಡಿಸಿ ತಯಾರಿಸಿದ ಏರ್‌ಸ್ಟ್ರೀಮ್ ಗಾಡಿಗಳು ಇವುಗಳಲ್ಲಿ ಪ್ರಸಿದ್ಧವಾದವು. ಇಂಥ ಹಳೆಯ ಗಾಡಿಗಳನ್ನು ದುರಸ್ತಿಗೊಳಿಸಿ ಮತ್ತೆ ದಾರಿಗಿಳಿಸುವವರು ಇಂದಿಗೂ ಇದ್ದಾರೆ. ಗಾಡಿಯ ಹೊರಮೈಯಲ್ಲಿ ಅಲ್ಲಲ್ಲಿ ಸಣ್ಣ ಬಾಗಿಲುಗಳಿರುತ್ತವೆ. ನೀರಿನ ಕೊಳವೆ, ವಿದ್ಯುತ್ ತಂತಿ ಮೊದಲಾದುವಕ್ಕೆ ಹೊರಗಿನಿಂದಲೇ ಕೈ ಹಾಕಲು ಅನುಕೂಲವಾಗಲೆಂದು ಅವನ್ನು ಇರಿಸಿರುತ್ತಾರೆ. ನಮ್ಮ ಕಡೆಯ ಬಸ್ಸುಗಳ ಪಕ್ಕದಲ್ಲಿ ಬ್ಯಾಟರಿಗೆಂದು ಇರುವ ಮುಚ್ಚಳವೂ ಅದೇ ಜಾತಿಯದು. ಮಳವಳ್ಳಿಯ ಗೃಹಸ್ಥನೊಬ್ಬನು ಮರದ ಚೌಕಟ್ಟಿನ ಹಳೆಯ ವಾಹನವೊಂದನ್ನು ಕೊಂಡು, ಮನೆಮಂದಿಯೊಡನೆ ಯಾತ್ರೆಗೆ ಹೋಗಲು ಅಣಿಗೊಳಿಸುತ್ತಿದ್ದಾನೆಂದು ಭಾವಿಸಬಹುದು. ಪಕ್ಕದ ಮುಚ್ಚಳ ಸಡಿಲಗೊಂಡು ಅಲುಗುತ್ತಿದೆ. ಅದನ್ನು ತೆಗೆದು ಮರಳಿ ಕೂರಿಸಿಕೊಡಬೇಕೆಂದು ಬಡಗಿಯೊಬ್ಬನಿಗೆ ಒಂದು ದಿನದ ಕೂಲಿಗೆ ಒಪ್ಪಿಸಿದ್ದಾನೆ.

ಕೆಲಸ ಸಣ್ಣದಾದರೂ ಅದಕ್ಕೆ ಕ್ರಮವುಂಟು. ಮುಚ್ಚಳವನ್ನು ಮೀಟಿ ಕೀಳಬಾರದು, ಮೀಟಿದರೆ ತಗಡು ಸೊಟ್ಟಗಾಗುತ್ತದೆ. ತುಕ್ಕು ಹಿಡಿದ ತಿರುಪುಮೊಳೆಗಳಿಗೆ ಎಣ್ಣೆ ಬಿಟ್ಟು ಕಾಯಬೇಕು, ರಿವೆಟುಗಳ ತಲೆಯನ್ನು ಬೈರಿಗೆಯಿಂದ ಕೊರೆದು ತೆಗೆಯಬೇಕು. ಸಂದಿನಲ್ಲಿ ಒಣಗಿ ಬಿರಿದಿರುವ ಹಳೆಯ ಅಂಟನ್ನು ಪೂರ್ತಿಯಾಗಿ ಹೆರೆಯಬೇಕು, ಹಳೆಯದರ ಮೇಲೆ ಮೆತ್ತಿದ ಹೊಸ ಅಂಟು ಹಿಡಿಯುವುದಿಲ್ಲ. ಕಬ್ಬಿಣದ ಮೊಳೆಯನ್ನು ಅಲ್ಯೂಮಿನಿಯಂ ತಗಡಿಗೆ ನೇರವಾಗಿ ತಾಗಿಸಿದರೆ, ತೇವ ಬಿದ್ದಾಗ ತಗಡು ಸವೆಯತೊಡಗುತ್ತದೆ. ಆದುದರಿಂದ ಹೊಂದುವ ಲೋಹದ ಮೊಳೆಯನ್ನೇ ಆರಿಸಬೇಕು. ಮೊಳೆಗಳನ್ನು ಒಂದಾದ ಮೇಲೊಂದರಂತೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಅತಿಯಾಗಿ ಬಿಗಿದರೆ ಅಂಟೆಲ್ಲವೂ ಹೊರಕ್ಕೆ ಹಿಂಡಿಹೋಗಿ ಸಂದು ಬರಿದಾಗುತ್ತದೆ.

ಬಡಗಿಯು ಮುಚ್ಚಳವನ್ನು ತೆಗೆದು ಒಳಗಿನ ಚೌಕಟ್ಟಿಗೆ ದಬ್ಬಳ ಚುಚ್ಚಿದನು. ಗಟ್ಟಿಮರದಲ್ಲಿ ದಬ್ಬಳದ ಮೊನೆ ನಿಲ್ಲಬೇಕು. ಇಲ್ಲಿ ಅದು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಎಷ್ಟೋ ಮಳೆಗಾಲಗಳ ನೀರು ಸಂದಿನಿಂದ ಒಳಗಿಳಿದು, ಹೊರಬರಲು ದಾರಿ ಕಾಣದೆ, ಮರವನ್ನು ಕೊಳೆಯಿಸಿತ್ತು. ಮರ ಕೊಳೆಯುವುದು ಶಿಲೀಂಧ್ರದಿಂದ; ಆ ಶಿಲೀಂಧ್ರ ಬದುಕಲು ತೇವ ಬೇಕು. ಮರದಲ್ಲಿನ ತೇವ ನೂರಕ್ಕೆ 20 ಭಾಗಕ್ಕಿಂತ ಕಡಮೆಯಿದ್ದರೆ ಅದು ಬೆಳೆಯದೆಂದು ಮರದ ಶಾಸ್ತ್ರವನ್ನು ಬಲ್ಲವರು ಹೇಳುತ್ತಾರೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇತ್ತು.

ಈಗ ಬಡಗಿಯ ಮುಂದೆ ಮೂರು ದಾರಿಗಳಿವೆ. ಒಳ್ಳೆಯ ಮರವಿರುವೆಡೆ ಮೊಳೆಯ ತೂತನ್ನು ಒಂದಂಗುಲ ಸರಿಸಿ, ಮುಚ್ಚಳವನ್ನು ಬಿಗಿದು, ಸಂಜೆಗೆ ಕೂಲಿ ಪಡೆದು ಹೋಗುವುದು ಮೊದಲನೆಯದು. ಯಾರಿಗೂ ಹೇಳದೆ ಚೌಕಟ್ಟನ್ನೆಲ್ಲ ಬಿಚ್ಚಿ ಹೊಸಮರ ಕೂಡಿಸಿ, ಆಮೇಲೆ ದುಡ್ಡು ಕೇಳುವುದು ಎರಡನೆಯದು. ಕಂಡುದನ್ನು ಒಡೆಯನಿಗೆ ತೋರಿಸುವುದು ಮೂರನೆಯದು.

ಮೊದಲನೆಯ ದಾರಿಯನ್ನು ಸಮರ್ಥಿಸುವವರು ಇಲ್ಲದಿಲ್ಲ. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಒಪ್ಪಿಕೊಂಡುದು ಮುಚ್ಚಳದ ಕೆಲಸವನ್ನು, ಚೌಕಟ್ಟಿನ ಕೆಲಸವನ್ನಲ್ಲ; ಕೊಳೆಯಿಸಿದವನು ಬಡಗಿಯಲ್ಲ; ಸುಳ್ಳಿನ ಮಾತು ಅವನ ಬಾಯಿಂದ ಒಂದೂ ಹೊರಡಲಿಲ್ಲ; ಅದಲ್ಲದೆ ಬಡವನಾದ ಅವನು ದೋಷವನ್ನು ತೋರಿಸಿದರೆ, ಹೆಚ್ಚು ದುಡ್ಡಿಗಾಗಿ ಹೂಡಿದ ಉಪಾಯವೆಂದು ಒಡೆಯನು ಸಂಶಯಪಟ್ಟು ಇದ್ದ ಕೆಲಸವನ್ನೂ ತಪ್ಪಿಸಬಹುದು. ಇವೆಲ್ಲವೂ ನಿಜವಾದ ಮಾತುಗಳೇ. ಕೂಲಿಯನ್ನೇ ನಂಬಿದವನಿಗೆ ಒಂದು ದಿನದ ಸಂಪಾದನೆ ತಪ್ಪುವುದು ಸಣ್ಣ ಕಷ್ಟವಲ್ಲ.

ಆದರೆ ಮುಚ್ಚಳವು ತೆರೆದಿರುವ ತನಕ ಮಾತ್ರ ಈ ವಾದಕ್ಕೆ ಬಲವುಂಟು. ತೆರೆದಿದ್ದಾಗ ಕೊಳೆತ ಮರವನ್ನು ಒಡೆಯನೂ ನೋಡಬಲ್ಲನು. ಬಡಗಿ ಸುಮ್ಮನಿದ್ದರೆ ಅದು ಬರಿಯ ಮೌನ. ಮುಚ್ಚಳವನ್ನು ನೇರ್ಪಾಗಿ ಕೂರಿಸಿ, ಸಂದನ್ನು ಒರೆಸಿ, ಕೂಲಿಗೆ ಕೈಯೊಡ್ಡಿದ ಕ್ಷಣದಲ್ಲಿ ಆ ಮೌನವೇ ಮಾತಾಗುತ್ತದೆ. ‘ಇದು ಸರಿಯಾಯಿತು’ ಎಂದು ಬಾಯಿ ಹೇಳದಿದ್ದರೂ ಕೆಲಸವೇ ಹೇಳುತ್ತದೆ; ಆ ಮಾತನ್ನು ನಂಬಿ ಒಡೆಯನು ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂರಿಸುತ್ತಾನೆ. ಕೊಳೆತ ಚೌಕಟ್ಟಿನ ಮೇಲೆ ಮಾಡಿದ ಒಳ್ಳೆಯ ಮುಚ್ಚಳದ ಕೆಲಸವು ಕೆಟ್ಟ ಮುಚ್ಚಳದ ಕೆಲಸಕ್ಕಿಂತ ಅಪಾಯಕರವೆಂಬುದನ್ನೂ ಗಮನಿಸಬೇಕು. ಅಲುಗುವ ಮುಚ್ಚಳವು ನೋಡುವವನನ್ನು ಎಚ್ಚರಿಸುತ್ತಲಾದರೂ ಇತ್ತು. ಬಡಗಿಯ ಕೈಚಳಕವು ಆ ಎಚ್ಚರಿಕೆಯನ್ನೂ ಅಳಿಸಿಬಿಡುತ್ತದೆ.

ಎರಡನೆಯ ದಾರಿಯು ಮೇಲುನೋಟಕ್ಕೆ ಧರ್ಮದಂತೆ ತೋರಿದರೂ ಧರ್ಮವಲ್ಲ. ಕೇಳದೆ ಮಾಡಿದ ಕೆಲಸಕ್ಕೆ ಬೆಲೆ ಕೇಳುವುದು ಒಡೆಯನ ಕೈಯಿಂದ ಆಯ್ಕೆಯನ್ನು ಕಸಿದುಕೊಂಡಂತೆ. ಇಲ್ಲಿ ಆಯ್ದಕ್ಕಿ ಮಾರಯ್ಯನವರ ಕಥೆ ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕವಾಗಿತ್ತು. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಆ ಅಕ್ಕಿ ಕಳವಿನದಲ್ಲ, ಬಿದ್ದುದನ್ನು ಆಯ್ದದ್ದು. ಆದರೂ ಲಕ್ಕಮ್ಮನವರಿಗೆ ಅದು ತಮ್ಮದೆನಿಸಲಿಲ್ಲ. ಕಾಯಕಕ್ಕೆ ಅಳತೆಯುಂಟು, ಸಲ್ಲುವುದಕ್ಕಿಂತ ಹೆಚ್ಚಿನದು ಕೈಗೆ ಸುಲಭವಾಗಿ ಸಿಕ್ಕಿತೆಂಬ ಮಾತ್ರಕ್ಕೆ ತನ್ನದಾಗದೆಂಬುದು ಆ ಸಾಧ್ವಿಯ ನಿಲುವು. ಒಡೆಯನ ಅಜ್ಞಾನದಿಂದ ಹುಟ್ಟುವ ಲಾಭವೂ ಹಾಗೆ ಚೆಲ್ಲಿದ ಅಕ್ಕಿಯಂಥದೇ. ಕಡಮೆ ಕೆಲಸ ಮಾಡಿ ಪೂರ್ಣ ಕೂಲಿ ತರುವವನನ್ನೂ, ಬೇಡದ ಕೆಲಸ ಮಾಡಿ ಹೆಚ್ಚು ಕೂಲಿ ತರುವವನನ್ನೂ ಲಕ್ಕಮ್ಮನವರು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದರು.

ಉಳಿದುದು ಮೂರನೆಯ ದಾರಿ. ಬಡಗಿಯು ಒಡೆಯನನ್ನು ಕರೆದು, ದಬ್ಬಳವನ್ನು ಅವನ ಕೈಗೇ ಕೊಟ್ಟು ಚುಚ್ಚಿ ನೋಡೆನ್ನಬೇಕು. ಬಿಟ್ಟಿಯಾಗಿ ದುಡಿಯಬೇಕೆಂದು ಧರ್ಮವು ಅವನನ್ನು ಕಟ್ಟುಪಡಿಸುವುದಿಲ್ಲ. ತಿಳಿಸಬೇಕೆಂದು ಮಾತ್ರ ಕಟ್ಟುಪಡಿಸುತ್ತದೆ. ತಿಳಿಸಿದ ಮೇಲೆ ಹೊಣೆಯ ಒಂದು ಪಾಲು ಒಡೆಯನಿಗೆ ಸೇರುತ್ತದೆ.

ಇಲ್ಲಿ ಗೃಹಸ್ಥರಾದವರು ತಮ್ಮ ಕಡೆಯನ್ನೂ ನೋಡಿಕೊಳ್ಳಬೇಕು. ದಾಸೋಹಕ್ಕೆ, ಮದುವೆಯ ಚಪ್ಪರಕ್ಕೆ, ಮನೆಯ ಮುಂಬಾಗಿಲಿನ ಕೆತ್ತನೆಗೆ ಕೈಬಿಚ್ಚಿ ಕೊಡುವವರು ಅಡಿಪಾಯಕ್ಕೂ ಚೌಕಟ್ಟಿಗೂ ಕೊಡುವಾಗ ಕಾಸಿಗೆ ಕಾಸು ಚೌಕಾಸಿ ಮಾಡುವುದುಂಟು. ಕಾಣುವುದಕ್ಕೆ ಮಾತ್ರ ಬೆಲೆ ಕೊಡುವ ಒಡೆಯನು, ಕಾಣುವುದನ್ನು ಮಾತ್ರ ಮಾಡುವ ಬಡಗಿಯನ್ನು ತಾನೇ ತಯಾರಿಸುತ್ತಾನೆ. ದೋಷ ತೋರಿಸಿದವನನ್ನು ದುರಾಸೆಯವನೆಂದು ಗದರಿಸಿ ಕಳಿಸಿದ ಮನೆಗೆ ಮುಂದೆ ದೋಷ ತೋರಿಸುವವರು ಬರುವುದಿಲ್ಲ, ಮುಚ್ಚುವವರು ಬರುತ್ತಾರೆ. ಒಡೆಯನೂ ಬಡವನಾಗಿದ್ದರೆ ಏನು ಮಾಡಬೇಕೆಂದು ಕೇಳಬಹುದು. ದುಡ್ಡು ಕೂಡುವ ತನಕ ಯಾತ್ರೆಯನ್ನು ಮುಂದಕ್ಕೆ ಹಾಕಬಹುದು. ಕೊಳೆತ ಭಾಗವನ್ನಷ್ಟೇ ಕತ್ತರಿಸಿ ತುಂಡುಮರ ಬೆಸೆಯಿಸಬಹುದು. ಗಾಡಿಯನ್ನು ಮಾರುವುದಾದರೆ ಕೊಳ್ಳುವವನಿಗೆ ಇದ್ದುದನ್ನು ಇದ್ದಂತೆ ಹೇಳಬಹುದು. ತಿಳಿದೂ ಮುಚ್ಚಿಸಿ, ತಿಳಿಯದವನ ತಲೆಗೆ ಕಟ್ಟುವ ಹಕ್ಕು ಮಾತ್ರ ಬಡತನಕ್ಕೂ ಇಲ್ಲ.

ಮಳವಳ್ಳಿ ತಾಲ್ಲೂಕಿನವರಿಗೆ ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಶಿವನಸಮುದ್ರದ ವಿದ್ಯುದಾಗಾರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಗಣಿಯಲ್ಲಿ ದುಡಿದವರಾಗಲಿ, ದೀಪದಡಿಯಲ್ಲಿ ನಡೆದವರಾಗಲಿ ಕಾವೇರಿಯ ನೀರನ್ನು ಯಂತ್ರಗಳಿಗೆ ಇಳಿಸುವ ಕೊಳವೆಗಳ ಒಳಮೈಯನ್ನು ಕಂಡವರಲ್ಲ. ಅಲ್ಲಿ ರಿವೆಟು ಬಿಗಿದವನ ಹೆಸರನ್ನೂ ಕೇಳಿದವರಲ್ಲ. ಊರೆಂಬುದು ಇಂಥ ನಂಬಿಕೆಯ ಮೇಲೆ ನಿಂತಿದೆ. ಮುಖ ಕಾಣದವನ ಕೆಲಸವನ್ನು ನಂಬಿ ಮುಖ ಕಾಣದವನು ಬದುಕುತ್ತಾನೆ. ನುಲಿಯ ಚಂದಯ್ಯನವರು ಹೊಸೆದ ಹಗ್ಗವನ್ನು, ಮೇದರ ಕೇತಯ್ಯನವರು ಹೆಣೆದ ಬುಟ್ಟಿಯನ್ನು ಕೊಂಡವರು ಎಳೆ ಎಳೆಯನ್ನು ಬಿಚ್ಚಿ ನೋಡಿ ಕೊಂಡಿರಲಾರರು. ಕಾಯಕವನ್ನು ಶರಣರು ಪೂಜೆಯ ಮಟ್ಟಕ್ಕೆ ಏರಿಸಿದುದರ ಒಂದು ಅರ್ಥ ಇಲ್ಲಿದೆ. ಪೂಜೆಯು ಜನ ನೋಡಲೆಂದು ಮಾಡುವುದಲ್ಲ, ಕಾಯಕವೂ ಅಲ್ಲ.

ಕೊನೆಯದಾಗಿ, ಹಳೆಯದನ್ನು ಎಷ್ಟು ಉಳಿಸಬೇಕು, ಎಷ್ಟು ಬದಲಿಸಬೇಕೆಂಬ ಸಂದೇಹವೊಂದು ಉಳಿಯುತ್ತದೆ. ಹಳೆಯ ಗಾಡಿಯ ಮೇಲೆ ಮಮತೆಯುಳ್ಳವನು ಒಂದು ಮೊಳೆಯನ್ನೂ ಬದಲಿಸಲೊಪ್ಪನು. ಆತುರದವನು ಎಲ್ಲವನ್ನೂ ಕಿತ್ತೊಗೆಯುತ್ತಾನೆ. ಬಲ್ಲ ಬಡಗಿ ಎರಡನ್ನೂ ಮಾಡುವುದಿಲ್ಲ. ದಬ್ಬಳ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯವರೆಗೆ ಕೊಳೆತುದನ್ನು ಕತ್ತರಿಸುತ್ತಾನೆ. ಗಟ್ಟಿಯಾದ ಹಳೆಮರವನ್ನು ಉಳಿಸಿಕೊಂಡು ಅದಕ್ಕೆ ಹೊಸಮರವನ್ನು ಬೆಸೆಯುತ್ತಾನೆ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲವೆಂದು ಬಸವಣ್ಣನವರು ಬೋಧಿಸಿದುದನ್ನು ಬಲ್ಲವರಿಗೆ, ಗಾಡಿಯ ಬಾಳು ಅದರ ಮರದಲ್ಲಿಲ್ಲ, ಅದರ ನಡೆಯಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆತನದ ರೂಢಿಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಹಳೆಯದೆಂದು ಉಳಿಸುವುದಲ್ಲ, ಹಳೆಯದೆಂದು ಕಳೆಯುವುದೂ ಅಲ್ಲ; ಚುಚ್ಚಿ ನೋಡಿ ನಿರ್ಣಯಿಸುವುದು.

ಮುಚ್ಚಳವನ್ನು ಕೂರಿಸುವಾಗ ನುರಿತ ಬಡಗಿಯು ಮೇಲಂಚಿಗೂ ಎರಡು ಪಕ್ಕಗಳಿಗೂ ಅಂಟು ಹಚ್ಚಿ, ಕೆಳಗಿನ ಅಂಚಿನಲ್ಲಿ ಸಣ್ಣ ಸಂದನ್ನು ಬೇಕೆಂದೇ ಬಿಡುತ್ತಾನೆ. ಎಷ್ಟೇ ಎಚ್ಚರದಿಂದ ಮಾಡಿದರೂ ಎಂದಾದರೊಮ್ಮೆ ಒಂದು ಹನಿ ಒಳಗೆ ಹೋಗಿಯೇ ತೀರುತ್ತದೆಂಬುದು ಅವನ ಅನುಭವ; ಹೋದ ಹನಿಗೆ ಹೊರಬರಲು ದಾರಿಯಿರಬೇಕು. ನಾಲ್ಕು ಕಡೆಯೂ ಬಿಗಿದ ಮುಚ್ಚಳವೇ ಬೇಗ ಕೊಳೆಯುವುದು. ಸಂಸಾರದಲ್ಲಿಯೂ ತಪ್ಪು ಒಳಗೆ ಬಾರದಂತೆ ಕಾಯುವ ಮನೆಗಳುಂಟು; ಬಂದ ತಪ್ಪನ್ನು ಮಗನಾಗಲಿ ಸೊಸೆಯಾಗಲಿ ಆಳಾಗಲಿ ಅಂಜದೆ ಬಾಯಿಬಿಟ್ಟು ಹೇಳಲು ಎಡೆಯಿರುವ ಮನೆಗಳು ಅವುಗಳಿಗಿಂತ ಕಡಮೆ. ಕೆಲಸ ಮುಗಿದ ಮೇಲೆ ಬಡಗಿಯು ಮುಚ್ಚಳದ ಮೇಲೆ ಕೊಡದಿಂದ ನೀರು ಸುರಿದು, ಒಳಗಿನಿಂದ ಕೈಯಾಡಿಸಿ ನೋಡುತ್ತಾನೆ. ಒಡೆಯನಾದವನು ಆಗ ಅವನ ಪಕ್ಕದಲ್ಲಿ ನಿಂತು ತಾನೂ ಕೈಯಾಡಿಸಿ ನೋಡಿ, ಒಣಗಿದೆಯೆಂದು ಕಂಡ ಮೇಲೆ, ಒಪ್ಪಿದ ಕೂಲಿಯನ್ನು ಚೌಕಾಸಿಯಿಲ್ಲದೆ ಅವನ ಕೈಯಲ್ಲಿಡುವುದು ಉಚಿತ.