ಕಾಯಿಲೆಯೋ, ಪಾಪವೋ?

ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದ ಸೈನಿಕನಿಗೆ ನಾವು ಎದ್ದು ಕುರ್ಚಿ ಕೊಡುತ್ತೇವೆ. ಆದರೆ ಕೈಕಾಲು ನೆಟ್ಟಗಿದ್ದೂ ನಡುರಾತ್ರಿ ಕಿರುಚಿ ಏಳುವ, ಪಟಾಕಿಯ ಸದ್ದಿಗೆ ನೆಲಕ್ಕೆ ಬೀಳುವ, ಕುಡಿದು ಹೆಂಡತಿ ಮಕ್ಕಳ ಮೇಲೆ ಕೈಮಾಡುವ ಸೈನಿಕನಿಗೆ? ಒಂದು ಬುದ್ಧಿಮಾತು, ಇಲ್ಲವೇ ಒಂದು ಬೈಗುಳ.

ಅಮೆರಿಕ ದೇಶ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ವಿಯೆಟ್ನಾಂ ಯುದ್ಧ 1975ರಲ್ಲಿ ಮುಗಿದರೂ ಮರಳಿ ಬಂದ ಅನೇಕರ ಪಾಲಿಗೆ ಅದು ಮುಗಿಯಲಿಲ್ಲ. ನಿದ್ದೆ ಹೋಯಿತು, ಕೆಲಸ ಹೋಯಿತು, ಸಂಸಾರ ಒಡೆಯಿತು. ಹಿಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಥವರನ್ನು ಹೇಡಿಗಳೆಂದು ಹಳಿದವರೂ ಇದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದು ಆಘಾತದ ನಂತರ ಬರುವ ಕಾಯಿಲೆ ಎಂದು ಒಪ್ಪಿಕೊಂಡಿತು. 1988ರ ಒಂದು ದೊಡ್ಡ ಅಧ್ಯಯನದ ಪ್ರಕಾರ, ವಿಯೆಟ್ನಾಂನಲ್ಲಿದ್ದ ಗಂಡಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಇದಕ್ಕೆ ತುತ್ತಾಗಿದ್ದರು. ಸುಮಾರು 15 ಮಂದಿ ಆಗಲೂ ನರಳುತ್ತಿದ್ದರು.

ಇದಕ್ಕೆ ಚಿಕಿತ್ಸೆ ಉಂಟು. ನೆನಪಿನಿಂದ ಓಡಿದಷ್ಟೂ ಭಯ ಬೆಳೆಯುತ್ತದೆ. ಆದ್ದರಿಂದ ನುರಿತವರು ರೋಗಿಯನ್ನು ಸುರಕ್ಷಿತವಾದ ಜಾಗದಲ್ಲಿ ಕೂರಿಸಿ, ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಮೆಲ್ಲಮೆಲ್ಲನೆ ನೆನಪು ನೆನಪಾಗಿಯೇ ಉಳಿದು, ಭಯ ಇಳಿಯುತ್ತದೆ. ಔಷಧಿಯೂ ಕೆಲವರಿಗೆ ನೆರವಾಗುತ್ತದೆ. ಕುಡಿತಕ್ಕೂ ಜೊತೆಯಲ್ಲೇ ಚಿಕಿತ್ಸೆಯಾಗಬೇಕು.

ಹಾಗಾದರೆ ಹೆಂಡತಿಯನ್ನು ಹೊಡೆದವನದು ತಪ್ಪೇ ಅಲ್ಲವೇ? 1992ರ ಧರ್ಮೋಪದೇಶ ಗ್ರಂಥ ಹೇಳುವಂತೆ ಭಯ ಮತ್ತು ಮನಸ್ಸಿನ ತೊಂದರೆಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಲೂಬಲ್ಲವು. ಆದರೆ ಅವನ ಹೊಣೆ ಕಡಿಮೆಯಾದರೆ ಪೆಟ್ಟು ತಿಂದವಳ ನೋವು ಕಡಿಮೆಯಾಗುವುದಿಲ್ಲ. ಕಾಯಿಲೆ ಕಾರಣ ಹೇಳುತ್ತದೆ, ನೆಪವಾಗಬಾರದು. ಆಕೆ ಪೆಟ್ಟು ಸಹಿಸಿಕೊಂಡೇ ಇರಬೇಕೆಂದು ಯಾವ ಧರ್ಮವೂ ಕೇಳದು. ಮೊದಲು ಆಕೆಗೂ ಮಕ್ಕಳಿಗೂ ರಕ್ಷಣೆ ಸಿಗಲಿ.

ಇನ್ನೊಂದು ಗಾಯವೂ ಇದೆ. ಬಾಸ್ಟನ್ನಿನಲ್ಲಿ ವಿಯೆಟ್ನಾಂ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಜೊನಾಥನ್ ಶೇ, ಭಯವಷ್ಟೇ ಅವರನ್ನು ಕಾಡುತ್ತಿಲ್ಲವೆಂದು 1994ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ನ್ಯಾಯವೆಂದು ನಂಬಿದ್ದನ್ನು ಮೇಲಿನವರೇ ಮುರಿದಾಗ ಮನಸ್ಸು ಒಡೆಯುತ್ತದೆ. ತಾನೇ ಕೊಂದ ನೆನಪೂ ಹಲವರನ್ನು ಸುಡುತ್ತದೆ. ಅಂಥವನಿಗೆ "ನಿನ್ನ ತಪ್ಪೇನಿಲ್ಲ, ಮರೆತುಬಿಡು" ಎಂದರೆ ಸಮಾಧಾನವಾದೀತೇ?

ನಮ್ಮ ಧರ್ಮಸಭೆಗೆ ಇದು ಹಿಂದೆಯೇ ಗೊತ್ತಿತ್ತು. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದ ನಾರ್ಮನ್ ಸೈನಿಕರಿಗೆ, ಕೆಲವೇ ವರ್ಷಗಳ ನಂತರ ಧರ್ಮಾಧ್ಯಕ್ಷರು ಪ್ರಾಯಶ್ಚಿತ್ತ ವಿಧಿಸಿದರು: ಕೊಂದ ಒಬ್ಬೊಬ್ಬನಿಗೆ ಒಂದೊಂದು ವರ್ಷ, ಗಾಯಗೊಳಿಸಿ, ಸತ್ತನೋ ಇಲ್ಲವೋ ತಿಳಿಯದಿದ್ದರೆ 40 ದಿನ. ಗೆದ್ದವರಿಗೂ ಪ್ರಾಯಶ್ಚಿತ್ತ! ಇಂದು ಇದು ಕಠೋರವೆನಿಸಬಹುದು. ಆದರೆ ಇದರಲ್ಲಿ ಕರುಣೆಯೂ ಇತ್ತು. "ಕೊಲೆಗಾರ, ದೂರ ಹೋಗು" ಎನ್ನಲಿಲ್ಲ, "ಏನೂ ಆಗಿಲ್ಲ" ಎನ್ನಲೂ ಇಲ್ಲ. ನಡೆದು ಮುಗಿಸಬಹುದಾದ ಒಂದು ದಾರಿಯನ್ನು ತೋರಿಸಿತು.

ವೈದ್ಯರು ಪಾಪಕ್ಷಮೆ ಕೊಡಲಾರರು. ಪಾಪಸಂಕೀರ್ತನೆ ಕೇಳುವ ಗುರುಗಳು ದುಃಸ್ವಪ್ನಕ್ಕೆ ಮದ್ದು ಕೊಡಲಾರರು. ಒಬ್ಬರ ಬಾಗಿಲಿಗೆ ಹೋದವನನ್ನು ಇನ್ನೊಬ್ಬರ ಬಾಗಿಲಿನಿಂದ ತಡೆಯಬೇಡಿ. ನಮ್ಮ ಧರ್ಮಕೇಂದ್ರದಲ್ಲೂ ಸೈನ್ಯದಿಂದ ಮರಳಿ ಬಂದು, ಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಮೌನವಾಗಿ ಕೂರುವವರಿರಬಹುದು. ಅವರ ಶೌರ್ಯದ ಕಥೆ ಕೇಳಲು ಹೋಗಬೇಡಿ. ಅವರು ಹೇಳಬಯಸಿದ್ದನ್ನು ಕೇಳುವಷ್ಟು ಹೊತ್ತು ಪಕ್ಕದಲ್ಲಿ ಕುಳಿತಿರಿ.